ಅಂಜಲ್ ಮೀನಿನ ಪಶ್ಚಾತ್ತಾಪ

ವಸಂತಿಗೆ ಕೆಂಪಣ್ಣನನ್ನು ಕಂಡರೆ ಆಗುತ್ತಿರಲಿಲ್ಲ. ಮೊದಲಿನಿಂದ ಹಾಗೇನಿರಲಿಲ್ಲ. ಮಸ್ಕತ್ತಿನ ಕನ್ನಡದ ಕುಟುಂಬಗಳೆಲ್ಲ ಸೀಬ್‌ನ ಕಡಲ ದಂಡೆಯಲ್ಲಿ ಸೇರಿ ಕೋಳಿ ಸುಡುತ್ತಿದ್ದ ಕಾಲದಲ್ಲಿ, ಕೆಂಡಕ್ಕೆ ಗಾಳಿ ಹಾಕುತ್ತ ಎಲ್ಲರಿಗಿಂತ ಮೊದಲು ಕಾಲಿನ ತುಂಡಿಗೆ ಕೈಹಾಕುತ್ತಿದ್ದವನು ಇದೇ ಮೈಸೂರಿನ ಕೆಂಪಣ್ಣ. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಊರಿನಿಂದ ವಾಪಸು ಬಂದವನು ಬೇರೆಯೇ ಮನುಷ್ಯನಾಗಿದ್ದ. ಮಾಂಸ ಬಿಟ್ಟ, ಈರುಳ್ಳಿ ಬಿಟ್ಟ, ಸಿನಿಮಾ ಬಿಟ್ಟ. ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ತಕರಾರಿರಲಿಲ್ಲ. ತಾನು ಬಿಟ್ಟದ್ದನ್ನೆಲ್ಲ ಉಳಿದವರೂ ಬಿಡಬೇಕೆಂದು ಬರೆದು ಎಲ್ಲರ ಫೋನಿಗೂ ಕಳಿಸತೊಡಗಿದ. ವಾರವಾರ ಬರೆದದ್ದನ್ನು ಕೂಡಿಸಿ ‘ಶುದ್ಧಾಚಾರ ಬೋಧೆ’ ಎಂಬ ಪುಸ್ತಿಕೆ ಮಾಡಿ, ಶುಕ್ರವಾರದ ಭಜನೆಯಲ್ಲಿ ಪ್ರಸಾದದ ಜೊತೆಗೆ ಹಂಚಿದ.

ವಸಂತಿ ಕರಾವಳಿಯ ಕಟಪಾಡಿ ಕಡೆಯವಳು. ಬೀಡಿ ಕಟ್ಟುವ ಹೆಂಗಸರ ನಡುವೆ ಬೆಳೆದವಳು. ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಮೊರ ಇಟ್ಟುಕೊಂಡು ಎಲೆ ಸುರುಳಿ ಸುತ್ತುತ್ತಲೇ ಊರಿನ ದೊಡ್ಡವರನ್ನೆಲ್ಲ ಒಬ್ಬೊಬ್ಬರನ್ನಾಗಿ ಆಡಿಕೊಂಡು ನಗುತ್ತಿದ್ದ ಆ ಹೆಂಗಸರ ನಾಲಿಗೆ ಅವಳಿಗೂ ಬಂದಿತ್ತು. ಮದುವೆಯಾಗಿ ಒಮಾನಿಗೆ ಬಂದಮೇಲೆ ವಾದಿ ಅದಾಯ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದಳು. ಗಂಡ ಭೋಜರಾಜನ ಕೆಲಸ ದೂರದ ದುಕ್ಮ್ ಬಂದರಿನಲ್ಲಿ. ರಜೆ ಸಿಕ್ಕಾಗ ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಮನೆಯಲ್ಲಿ ಅವಳಿಗೆ ಜೊತೆಯಾಗಿದ್ದವಳು ಭೋಜರಾಜನ ಅಣ್ಣನ ಮಗಳು ಯಶ್ಮಿತಾ. ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಹೊಡೆಯುವ ಗಂಡನನ್ನು ಬಿಟ್ಟು, ವಿಚ್ಛೇದನ ಪಡೆದು ಬಂದವಳು.

ಭಜನೆಯಲ್ಲಿ ದೀಪ ಹಚ್ಚುವ ಕೆಲಸ ಯಶ್ಮಿತಾಳದಾಗಿತ್ತು. ಪುಸ್ತಿಕೆ ಹಂಚಿದ ಮುಂದಿನ ಶುಕ್ರವಾರ ಕೆಂಪಣ್ಣನ ಹೆಂಡತಿ ನೀರಜಾ ಎದ್ದು ಬಂದು ಅವಳ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ. ಪುಸ್ತಿಕೆಯಲ್ಲೇ ಇತ್ತು: ‘ಗಂಡನನ್ನು ಬಿಟ್ಟವಳು ಹಚ್ಚಿದ ದೀಪ ಬೆಳಕು ಕೊಟ್ಟೀತೇ ಹೊರತು ಪುಣ್ಯ ಕೊಡದು.’ ಯಶ್ಮಿತಾ ಭಜನೆ ಮುಗಿಯುವ ತನಕ ತಲೆತಗ್ಗಿಸಿ ಕೂತಿದ್ದಳು. ಆಮೇಲೆ ಆ ಕಡೆ ಕಾಲಿಡಲಿಲ್ಲ.

ವಸಂತಿ ಬಿಡುವವಳಲ್ಲ. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ಮೊಬೈಲು ಹಿಡಿದು ಬರೆದಳು. ಕೆಂಪಣ್ಣನದೇ ಧಾಟಿ, ಅವನದೇ ಗಂಭೀರ ಭಾಷೆ. ಮತ್ರಾದ ಮಾರುಕಟ್ಟೆಯ ಹಲಗೆಯ ಮೇಲೆ ಮಲಗಿದ ಅಂಜಲ್ ಮೀನೊಂದು ಗೋಳಾಡುತ್ತದೆ: ‘ಅಯ್ಯೋ, ಹುಟ್ಟಿದಂದಿನಿಂದ ನೀರಲ್ಲೇ ಮುಳುಗಿದ್ದೆ, ಆದರೂ ಮಡಿಯಾಗಲಿಲ್ಲವಲ್ಲ!’ ಆಗ ಶುದ್ಧಪ್ಪನವರು ಪ್ರತ್ಯಕ್ಷರಾಗಿ ಉಪದೇಶಿಸುತ್ತಾರೆ: ‘ಸಮುದ್ರಕ್ಕೆ ಕಂಡಕಂಡ ನೀರೆಲ್ಲ ಬಂದು ಸೇರುತ್ತದೆ, ತಾಯಿ. ಅದು ಮೈಲಿಗೆ. ಫ್ರಿಜ್ಜಿನೊಳಗೆ ಹೋಗು. ಅಲ್ಲಿ ಕಾಮಕ್ರೋಧಗಳೆಲ್ಲ ತಾವಾಗಿ ತಣ್ಣಗಾಗುತ್ತವೆ.’ ಬರೆಯುತ್ತ ಬರೆಯುತ್ತ ಕೈ ತಡೆಯಲಿಲ್ಲ. ಇನ್ನೊಂದು ಸಾಲು ಸೇರಿಸಿದಳು: ‘ಶುದ್ಧಪ್ಪನವರ ಧರ್ಮಪತ್ನಿ ನೆರಳು ಸೋಕಿದರೂ ತಲೆಗೆ ನೀರು ಸುರಿದುಕೊಳ್ಳುವ ಸಾಧ್ವಿ. ಅವರ ಸೀನೇ ಮನೆಯ ಶಂಖನಾದ.’

ಹೆಸರು ಹಾಕದೆ ಗೆಳತಿಯೊಬ್ಬಳಿಗೆ ಕಳಿಸಿದಳು. ಎರಡೇ ದಿನದಲ್ಲಿ ಅದು ರೂವಿಯಿಂದ ದೂರದ ಗಡಿಯೂರು ಬುರೈಮಿಯ ತನಕ ಕನ್ನಡದವರ ಫೋನುಗಳಲ್ಲೆಲ್ಲ ಓಡಾಡಿತು. ಹೆಸರಿಲ್ಲದಿದ್ದರೇನು, ಆ ನಾಲಿಗೆ ಯಾರದೆಂದು ಎಲ್ಲರಿಗೂ ಗೊತ್ತಾಯಿತು. ಕೆಂಪಣ್ಣನಿಗೂ.

ಅವನು ಅವಳಿಗೆ ಫೋನು ಮಾಡಲಿಲ್ಲ. ಅವಳ ಧಣಿ ಅಬ್ಬಾಸ್‌ಗೆ ಮಾಡಿದ. ಅಬ್ಬಾಸ್ ಒಳ್ಳೆಯ ಮನುಷ್ಯ, ಆದರೆ ಅಂದು ಅವಳನ್ನು ಕರೆದು ಹಿಂದಿಯಲ್ಲಿ ಮೆಲ್ಲಗೆ ಹೇಳಿದ ಮಾತು ಖಡಾಖಂಡಿತವಾಗಿತ್ತು. “ನೀನು ನಿಮ್ಮ ಧರ್ಮವನ್ನು ಗೇಲಿ ಮಾಡಿದ್ದೀಯಂತೆ. ಪೊಲೀಸರ ತನಕ ಹೋಗ್ತೇನೆ ಅಂತಾನೆ ಆ ಮನುಷ್ಯ. ಹೋದರೆ ನಾನು ನಿನ್ನ ಹಿಂದೆ ನಿಲ್ಲಕ್ಕಾಗಲ್ಲ. ಇವತ್ತೇ ಮುಗಿಸು. ಖಲಾಸ್.”

ದುಕ್ಮ್‌ನಿಂದ ಭೋಜರಾಜ ಫೋನಿನಲ್ಲೇ ಕೂಗಾಡಿದ. “ನಿಂಗೆ ಎಂತಕ್ಕೆ ಬೇಕಿತ್ತು ಇದು? ಒಂದು ಸಾರಿ ತಪ್ಪಾಯ್ತು ಅಂತ ಹೇಳಿಬಿಡು ಮಾರಾಯ್ತಿ. ನಂದೂ ಕೆಲಸ ಉಂಟಲ್ವಾ ಇಲ್ಲಿ?”

ಶುಕ್ರವಾರ, ಭಜನೆ ನಡೆಯುವ ರೂವಿಯ ಫ್ಲಾಟಿನಲ್ಲಿ, ಅದಕ್ಕೆ ಮೊದಲು ಪಂಚಾಯಿತಿ. ಕೆಂಪಣ್ಣ ದೇವರ ಪಟದ ಪಕ್ಕದಲ್ಲೇ ಕೂತಿದ್ದ.

“ನೋಡ್ರಮ್ಮ, ನನಗೇನೂ ವೈಯಕ್ತಿಕ ದ್ವೇಷ ಇಲ್ಲ. ನೀವು ಬೈದಿರೋದು ನನ್ನನ್ನಲ್ಲ, ಧರ್ಮವನ್ನ. ದೇವರ ಮುಂದೆ ನಿಂತು ಕ್ಷಮೆ ಕೇಳಿ. ಇಲ್ಲಾಂದ್ರೆ ನಾಳೆ ದೂರು ಕೊಡ್ತೀನಿ.”

“ಕೇಳುವ. ಅದಕ್ಕೆ ಮೊದಲು ಒಂದು ಓದ್ಲಿಕ್ಕುಂಟು,” ಎಂದಳು ವಸಂತಿ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ದನಿ ಏರಿಸದೆ, ಇಳಿಸದೆ ಓದಿದಳು: “‘ಶುಕ್ರವಾರ ಬೆಳಿಗ್ಗೆ ಕುಕ್ಕರಿನ ಸೀಟಿ ಮನಸ್ಸನ್ನು ಚಂಚಲಗೊಳಿಸುತ್ತದೆ. ಬೀದಿ ಪೋಕರಿಗಳ ಸೀಟಿಗೂ ಅದಕ್ಕೂ ಭೇದವಿಲ್ಲ. ಆದ್ದರಿಂದ ಅನ್ನವನ್ನು ತೆರೆದ ಪಾತ್ರೆಯಲ್ಲೇ ಬೇಯಿಸತಕ್ಕದ್ದು.’”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು.

“ನೋಡಿದ್ರಾ, ಇನ್ನೂ ಗೇಲಿ ಮಾಡ್ತಿದಾರೆ!” ಎಂದರು ಪುಸ್ತಿಕೆಯನ್ನು ತೆರೆದೇ ನೋಡದಿದ್ದ ಹಿರಿಯರೊಬ್ಬರು.

“ನಾನು ಬರೆದದ್ದಲ್ಲ ಮಾರ್ರೆ. ಇದು ‘ಶುದ್ಧಾಚಾರ ಬೋಧೆ.’ ಒಂದಕ್ಷರ ನಂದಿಲ್ಲ.”

ಹಿರಿಯರು ಕೆಂಪಣ್ಣನತ್ತ ತಿರುಗಿದರು. “ಹೌದೇನ್ರೀ?”

“ಹೌದು. ಅದರಲ್ಲಿ ನಗೋದಕ್ಕೇನಿದೆ?” ಎಂದ ಕೆಂಪಣ್ಣ. ಅವನ ಕಿವಿ ಕೆಂಪಾಗಿತ್ತು.

ವಸಂತಿ ದೀಪದ ಸಾಲನ್ನೂ ಓದಿದಳು. ಅದಕ್ಕೆ ಯಾರೂ ನಗಲಿಲ್ಲ. ಕೆಲವರು ನೆಲ ನೋಡಿದರು. “ದೂರು ಕೊಡ್ತೀರಾದ್ರೆ ಕೊಡಿ,” ಎಂದಳು. “ಇಲ್ಲಿನ ಸರಕಾರದ ಅನುಮತಿ ಇಲ್ಲದೆ ಧರ್ಮದ ಪುಸ್ತಕ ಪ್ರಿಂಟ್ ಹಾಕಿ ಹಂಚಿದ್ದು ಯಾರು ಅಂತ ಪೊಲೀಸರು ನನ್ನತ್ರವೂ ಕೇಳ್ತಾರೆ. ನಾನು ಸುಳ್ಳು ಹೇಳುದಿಲ್ಲ.”

ಕೆಂಪಣ್ಣ ದೇವರ ಪಟದ ಕಡೆಗೆ ತಿರುಗಿ ಕೂತ. ವಸಂತಿಗೆ ಗೆದ್ದೆನೆನ್ನಿಸಿತು. ಬೀಡಿಯ ಅಂಗಳದ ಹೆಂಗಸರೆಲ್ಲ ಒಟ್ಟಿಗೆ ನಕ್ಕಂತೆ ಎದೆ ಹಗುರಾಯಿತು.

ಅಷ್ಟರಲ್ಲಿ ನೀರಜಾ ಎದ್ದು ನಿಂತಳು. ವರ್ಷವಿಡೀ ಕಟ್ಟಿದ ಮೂಗು, ಊದಿದ ಕಣ್ಣು.

“ದೀಪದ ವಿಷಯ ಬರೆದಿದ್ದು ತಪ್ಪು ಅಂತ ನನಗೂ ಗೊತ್ತು ವಸಂತಿ. ಬೆಂಕಿಪೊಟ್ಟಣ ಕಿತ್ಕೊಂಡಿದ್ದೂ ತಪ್ಪೇ. ಇವರು ಹೇಳಿದ್ದಕ್ಕೆ ಮಾಡಿದೆ. ದಿನಕ್ಕೆ ಮೂರು ಸಲ ತಲೆಗೆ ನೀರು ಹಾಕ್ಕೋತೀನಲ್ಲ, ಅದೂ ಇವರು ಹೇಳಿದ್ದಕ್ಕೇ. ಇಷ್ಟು ಜನ ನನ್ನ ಸೀನು ಓದಿ ನಕ್ಕರು. ನಾನು ನಿಮಗೇನು ಮಾಡಿದ್ದೆ?”

ವಸಂತಿ ಫೋನು ಕೆಳಗಿಟ್ಟಳು. “ನಿಮ್ಮತ್ರ ತಪ್ಪಾಯ್ತು ಅಂತ ಕೇಳ್ತೇನೆ ನೀರಜಕ್ಕ. ಅವರತ್ರ ಇಲ್ಲ.”

“ಬೇಡ,” ಎಂದಳು ನೀರಜಾ. ಚಪ್ಪಲಿ ಮೆಟ್ಟಿ ಹೊರಟುಹೋದಳು.

ಕೆಂಪಣ್ಣ ದೂರು ಕೊಡಲಿಲ್ಲ. ಆದರೆ ಭಜನೆ ಒಡೆದು ಎರಡಾಯಿತು. ವಸಂತಿ ಎರಡಕ್ಕೂ ಹೋಗಲಿಲ್ಲ. ನಡೆದದ್ದನ್ನು ಕೇಳಿ ಯಶ್ಮಿತಾಳೂ ಸಂತೋಷಪಡಲಿಲ್ಲ. “ಚಿಕ್ಕಮ್ಮ, ಇಷ್ಟು ದಿನ ನನ್ನ ವಿಷಯ ನಾಲ್ಕು ಜನಕ್ಕೆ ಗೊತ್ತಿತ್ತು. ಈಗ ಪಂಚಾಯಿತಿ ಸುದ್ದಿಯೊಟ್ಟಿಗೆ ಅದೂ ಬುರೈಮಿವರೆಗೆ ಗೊತ್ತುಂಟು,” ಎಂದಷ್ಟೇ ಹೇಳಿ ಡ್ಯೂಟಿಗೆ ಹೊರಟಳು.

ಕೆಂಪಣ್ಣ ಇನ್ನೂ ಬರೆಯುತ್ತಾನೆ, ಈಗ ಫೋನಿನಲ್ಲಿ ಮಾತ್ರ. ಈಚಿನ ಬರಹ, ಹೆಂಗಸರ ನಗೆಯಿಂದ ಮನೆಗಾಗುವ ಕೇಡಿನ ಬಗ್ಗೆ. ವಸಂತಿ ಅದನ್ನು ಓದಿ, ಹಲ್ಲು ಕಚ್ಚಿ, ಉತ್ತರ ಬರೆದೇ ಬರೆದಳು. ಈ ಸಲ ಶುದ್ಧಪ್ಪನವರಿಗೆ ಹೆಂಡತಿಯಿರಲಿಲ್ಲ. ಕೆಳಗೆ ತನ್ನ ಹೆಸರನ್ನೂ ಹಾಕಿದಳು. ರೂವಿಯ ರಸ್ತೆಯಲ್ಲಿ ಕೆಂಪಣ್ಣ ಎದುರಾದರೆ, ಅವನು ಮುಖ ತಿರುಗಿಸಿ ಆಚೆ ದಾಟುವ ತನಕ ಅವಳು ನೆಟ್ಟ ನೋಟದಲ್ಲಿ ನೋಡುತ್ತಾಳೆ. ನೀರಜಾ ಎದುರಾದ ದಿನ ಮಾತ್ರ ರಸ್ತೆ ದಾಟುವವಳು ವಸಂತಿ.