ಅವ್ವನ ಫೋನಿಗೆ ಬರುತ್ತಿದ್ದ ರಿಪೋರ್ಟು

ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷಗಳಾಗಿದ್ದವು. ಆದರೂ ತನ್ನ ರಕ್ತದ ರಿಪೋರ್ಟನ್ನು ಅವಳು ಮೊದಲ ಸಲ ಕಣ್ಣಾರೆ ಕಂಡದ್ದು ಹೈದರಾಬಾದಿಗೆ ಬಂದ ಮೇಲೆ, ಅದೂ ಫೋನಿನಲ್ಲಿ. ವಿಜಯಪುರದಲ್ಲಿದ್ದಾಗ ಲ್ಯಾಬಿನ ಚೀಟಿ ಅಪ್ಪನ ಕೈಗೆ ಹೋಗುತ್ತಿತ್ತು. ಅಪ್ಪ ಅದನ್ನು ಮಡಿಚಿ ಅಂಗಿಯ ಕಿಸೆಗೆ ಸೇರಿಸಿ, ಸ್ವಲ್ಪ ಜಾಸ್ತಿ ಐತಿ, ಬಾಯಿ ಕಟ್ಟು ಎಂದಷ್ಟೇ ಹೇಳುತ್ತಿದ್ದ. ಎಷ್ಟು ಜಾಸ್ತಿ, ಯಾಕೆ ಜಾಸ್ತಿ ಎಂದು ಅವ್ವ ಬೆನ್ನು ಹತ್ತಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಅಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಇರಲು ಬಂದಳು. ನಾನು ಮದುವೆಯ ಗೊಡವೆಗೆ ಹೋದವಳಲ್ಲ, ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ಇಲ್ಲಿ ಮೊದಲ ಸಲ ರಕ್ತ ಕೊಡಲು ಹೋದಾಗ ಲ್ಯಾಬಿನ ಹುಡುಗಿ ಮೊಬೈಲ್ ನಂಬರ್ ಕೇಳಿದಳು. ನಾನು ನನ್ನದನ್ನು ಹೇಳಲು ಶುರುಮಾಡಿದ್ದೆ. ಅವ್ವ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ರಕ್ತ ನಂದೈತಿ. ನಂಬರೂ ನಂದ ಕೊಡು."

ನನಗೆ ಈ ಫೋನಿನಲ್ಲಿ ಬರುವ ರಿಪೋರ್ಟು ಎಂದರೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹಾಲು ಉಕ್ಕುತ್ತಿರಲಿ, ತುತ್ತು ಬಾಯಿಯ ಹತ್ತಿರ ಇರಲಿ, ಅದಕ್ಕೇನೂ ಗೊತ್ತಾಗುವುದಿಲ್ಲ. ಟಣ್ ಎಂದು ಬಂದು ಕೂರುತ್ತದೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅದೇ ಟಣ್. ಅವ್ವ ಮಾತ್ರ ಅದರ ಬರವನ್ನೇ ಕಾಯುತ್ತಿದ್ದಳು. ಎರಡು ಬೆರಳಲ್ಲಿ ಹಿಗ್ಗಿಸಿ ಓದುವುದನ್ನು ಕಲಿತಳು. ಇಂಗ್ಲಿಷ್ ಬರದಿದ್ದರೂ ಅಂಕಿ ಬರುತ್ತಿತ್ತು, ಕೆಂಪು ಬಣ್ಣ ಬಂದರೆ ಜಾಸ್ತಿ ಎಂಬುದೂ ತಿಳಿದಿತ್ತು. ಯಾಕೆ ಏರಿತು, ಯಾಕೆ ಇಳಿಯಿತು ಎಂದು ನನ್ನನ್ನು ಹಿಡಿದು ಕೂರಿಸಿ ವಿಚಾರಣೆ ನಡೆಸುತ್ತಿದ್ದಳು. ತಾನು ಕದ್ದು ತಿಂದ ಸೀತಾಫಲ ಆ ವಿಚಾರಣೆಯಲ್ಲಿ ಎಂದೂ ಹೊರಬರುತ್ತಿರಲಿಲ್ಲ. ಸಂಜೆ ಕೆಳಗಿನ ಕಟ್ಟೆಯ ಮೇಲೆ ಅಪಾರ್ಟ್‌ಮೆಂಟಿನ ಹೆಂಗಸರೊಂದಿಗೆ, ಶಾಲೆಯ ಮಕ್ಕಳು ಮಾರ್ಕ್ಸ್ ಹೇಳಿಕೊಂಡ ಹಾಗೆ, ಶುಗರ್ ಲೆಕ್ಕ ಹೇಳಿಕೊಳ್ಳುತ್ತಿದ್ದಳು. ಅವಳನ್ನು ಅಷ್ಟು ಗೆಲುವಾಗಿ ನಾನು ಊರಲ್ಲಿ ಕಂಡಿರಲಿಲ್ಲ.

ಆ ಕಟ್ಟೆಯ ಮಾತೆಲ್ಲ ಹಿಂದಿಯಲ್ಲಿ. ವಿಜಯಪುರದ ಓಣಿಯಲ್ಲಿ ಕಲಿತ ಹಿಂದಿಯಿಂದಲೇ ಅವ್ವ ಬೇಗಂ ಬಜಾರಿನ ಸಗಟು ಅಂಗಡಿಯವರನ್ನೂ ಸೋಲಿಸಿ ಬರುತ್ತಿದ್ದಳು. ತೆಲುಗು ಮಾತ್ರ ಹತ್ತಲಿಲ್ಲ. ಬಂದ ಹೊಸದರಲ್ಲಿ ಎದುರುಮನೆಯಾಕೆ ಬಾಗಿಲಲ್ಲಿ ನಿಂತು ಪ್ರೀತಿಯಿಂದ "ರಂಡಿ, ರಂಡಿ" ಎಂದು ಒಳಗೆ ಕರೆದದ್ದಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಿದ್ದಳು. ಅದು ಬೈಗುಳವಲ್ಲ, ಬನ್ನಿ ಎಂದು ಕರೆಯುವ ಮಾತು ಎಂದು ಒಪ್ಪಿಸಲು ನನಗೆ ಸಾಕುಬೇಕಾಯಿತು. ಆಮೇಲೆ ಪೆದ್ದ ಎಂದರೆ ದೊಡ್ಡದು, ಚಿನ್ನ ಎಂದರೆ ಚಿಕ್ಕದು ಎಂಬಷ್ಟು ಕಲಿತು ಅಲ್ಲಿಗೆ ಕೈಬಿಟ್ಟಳು.

ನಮ್ಮ ಡಾಕ್ಟರು ತೆಲುಗಿನವರು, ಸಜ್ಜನರು. ಎದುರಿಗೆ ಕೂತಾಗ ಹಿಂದಿ ಬೆರೆಸಿ, ಕೈಸನ್ನೆ ಮಾಡಿ ಅವ್ವನಿಗೆ ಎಲ್ಲ ತಿಳಿಯುವಂತೆ ಹೇಳುತ್ತಿದ್ದರು. ಪ್ರತಿ ಸಲ ಬರುವ ತೊಂದರೆ ಬೇಡ, ರಿಪೋರ್ಟನ್ನು ಫೋನಿಗೆ ಕಳಿಸಿದರೆ ಸಾಕು ಎಂದವರೂ ಅವರೇ. ಒಂದು ಬೇಸಿಗೆಯ ಮಧ್ಯಾಹ್ನ ಬಂದ ರಿಪೋರ್ಟಿನಲ್ಲಿ ಕಿಡ್ನಿಯ ಸಾಲು ಕೆಂಪಾಗಿತ್ತು. ನಾನು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿದ್ದೆ. ಅಲ್ಲಿ ಕೆಲಸದ ಹೊತ್ತಿನಲ್ಲಿ ನಮ್ಮ ಫೋನುಗಳು ಗೇಟಿನ ಹತ್ತಿರದ ಲಾಕರಿನಲ್ಲಿ ಇರುತ್ತವೆ. ಅವ್ವ ತಾನೇ ಡಾಕ್ಟರಿಗೆ ರಿಪೋರ್ಟು ಕಳಿಸಿದಳು. ಅವರು ರೋಗಿಗಳ ನಡುವೆಯೇ ಎರಡು ಮಾತು ರೆಕಾರ್ಡ್ ಮಾಡಿ ಕಳಿಸಿದರು.

ಸಂಜೆ ನಾನು ಬಂದಾಗ ಅವ್ವ ಎಲ್ಲ ವರದಿ ಒಪ್ಪಿಸಿದಳು. ದಿನಾ ನುಂಗುತ್ತಿದ್ದ ದೊಡ್ಡದು, ಚಿಕ್ಕದು ಎರಡೂ ಗುಳಿಗೆಯನ್ನು ಮುಂದೆಯೂ ನುಂಗಬೇಕೆಂದು ಡಾಕ್ಟರು ಹೇಳಿದ್ದಾರೆ, ಎಂದಿನಂತೆ ತಿಂಗಳು ಬಿಟ್ಟು ಮತ್ತೆ ಟೆಸ್ಟು. ತಾನೇ ಮುಗಿಸಿದ ಕೆಲಸದ ಹೆಮ್ಮೆ ಅವಳ ಮುಖದಲ್ಲಿತ್ತು. ನನಗೂ ಸಂತೋಷವಾಯಿತು, ಡಾಕ್ಟರ ರೆಕಾರ್ಡನ್ನು ನಾನು ಕೇಳಹೋಗಲಿಲ್ಲ.

ತಿಂಗಳು ತುಂಬುವ ಮೊದಲೇ ಅವ್ವನಿಗೆ ಊಟ ಸೇರದಾಯಿತು. ಹೊಟ್ಟೆ ತೊಳಸುತ್ತಿತ್ತು, ಕಾಲು ಬಾತವು. ಬಿಸಿಲಿಗೆ ಹೀಗಾಗಿದೆ ಎಂದು ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು ಕೂರಲಾಗದೆ ಗೋಡೆ ಹಿಡಿದಳು. ಆಟೋ ಹಿಡಿದು ಡಾಕ್ಟರ ಹತ್ತಿರ ಹೋದೆವು. ಅವ್ವ ಚೀಲದಿಂದ ಗುಳಿಗೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ದೊಡ್ಡ ಗುಳಿಗೆಯ ಹಾಳೆ ಮುಕ್ಕಾಲು ಖಾಲಿಯಾಗಿದ್ದುದನ್ನು ಕಂಡು ಡಾಕ್ಟರು ಗಾಬರಿಯಾದರು. ಇದನ್ನು ನಿಲ್ಲಿಸಲು ಹೇಳಿದ್ದೆನಲ್ಲ ಎಂದು ಹಿಂದಿಯಲ್ಲಿ ಕೇಳಿದರು. ಅವ್ವ ಫೋನು ತೆಗೆದು, ಅವರದೇ ಧ್ವನಿಯನ್ನು ಅವರಿಗೆ ಕೇಳಿಸಿದಳು.

"ರಿಪೋರ್ಟ್ ಚೂಸಾನಮ್ಮಾ. ಆ ಪೆದ್ದ ಟ್ಯಾಬ್ಲೆಟ್ ಇಂಕ ಚಾಲು. ಚಿನ್ನದಿ ವೇಸ್ಕೋಂಡಿ."

ಅದನ್ನು ಕೇಳಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ರಿಪೋರ್ಟು ನೋಡಿದೆ, ದೊಡ್ಡ ಗುಳಿಗೆ ಇನ್ನು ಸಾಕು, ಚಿಕ್ಕದನ್ನು ತೆಗೆದುಕೊಳ್ಳಿ ಎಂದು ಅವಸರದಲ್ಲಿ ತೆಲುಗಿನಲ್ಲೇ ಹೇಳಿಬಿಟ್ಟಿದ್ದರು ಅವರು. ನಮ್ಮ ಕಡೆ ಫ್ಯಾನು ತಿರುಗಿದರೆ ಚಾಲೂ, ಅಂಗಡಿ ತೆರೆದರೆ ಚಾಲೂ, ಮಳೆ ಹಿಡಿದರೂ ಚಾಲೂ.

ಅವ್ವ ಡಾಕ್ಟರ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಚಾಲು ಅಂದಾರಲ್ಲ ಯವ್ವಾ. ನಾ ಒಂದ ದಿನಾನೂ ತಪ್ಪಿಸಿಲ್ಲ."

ಎದುರಿಗಿದ್ದು ಹೇಳಿದ್ದರೆ ಡಾಕ್ಟರ ಕೈ ಬೇಡವೆಂದು ಆಡುತ್ತಿತ್ತು, ಅವ್ವ ಯಾಕೆ ಎಂದು ಕೇಳುತ್ತಿದ್ದಳು. ಫೋನಿನಲ್ಲಿ ಬಂದ ಧ್ವನಿಗೆ ಕೈಯೂ ಇರಲಿಲ್ಲ, ಅದನ್ನು ಯಾಕೆ ಎಂದು ಕೇಳುವಂತೆಯೂ ಇರಲಿಲ್ಲ. ಡಾಕ್ಟರು ತುಂಬಾ ನೊಂದುಕೊಂಡರು. ಕಿಡ್ನಿ ವರ್ಷಗಳಿಂದ ಸೋಲುತ್ತಾ ಬಂದಿತ್ತು, ಈ ಗುಳಿಗೆಯೊಂದರಿಂದಲೇ ಹೀಗಾದದ್ದಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಅವ್ವನನ್ನು ಆಸ್ಪತ್ರೆಗೆ ಸೇರಿಸಿದೆವು. ಅವಳು ಚೇತರಿಸಿಕೊಂಡಳು, ಆದರೆ ಕಿಡ್ನಿ ಮೊದಲಿನ ಸ್ಥಿತಿಗೆ ಬರಲಿಲ್ಲ. ನೋಡಲು ಬಂದ ಸಂಬಂಧಿಕರೊಬ್ಬರು ಮಂಚದ ಪಕ್ಕ ಕೂತು, ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದರು. ಅವರನ್ನು ಕತ್ತು ಹಿಡಿದು ಹೊರಗೆ ಹಾಕುವಷ್ಟು ಸಿಟ್ಟು ಬಂದಿತ್ತು ನನಗೆ. ಅವರು ಹೋದ ಮೇಲೆ ಅವ್ವ ಗೋಡೆಯ ಕಡೆ ತಿರುಗಿ, ನನ್ನ ಕೈಯಾರ ನಾನ ಕೆಡಿಸಿಕೊಂಡೆ ಎಂದಳು. ಡಾಕ್ಟರ ಮಾತನ್ನು ನಾನು ಎಷ್ಟು ಸಲ ತಿರುಗಿ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಆ ಹೊತ್ತಿನಷ್ಟು ದುಃಖ ನನಗೆ ಅಪ್ಪ ಸತ್ತಾಗಲೂ ಆಗಿರಲಿಲ್ಲ.

ಮುಂದಿನ ಸಲ ಲ್ಯಾಬಿನಲ್ಲಿ ಅವಳೇ ನನ್ನ ನಂಬರ್ ಕೊಡಿಸಿದಳು. ಕಟ್ಟೆಗೆ ಹೋಗಿ ಕೂರುವುದನ್ನೂ ಬಿಟ್ಟಳು.

ಭಾನುವಾರ ಬೆಳಿಗ್ಗೆ ಅವಳು ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ನನ್ನ ಫೋನಿಗೆ ರಿಪೋರ್ಟು ಬಂತು. ನಾನು ಡಾಕ್ಟರ ಜೊತೆ ಮಾತಾಡಿ ಬಂದು ಅವಳ ಮುಂದೆ ಕೂತೆ. ಎಲ್ಲ ವಿವರವಾಗಿ ಹೇಳಬೇಕೆಂದು ಬಾಯಿ ತೆರೆದೆ. ಅವ್ವ ತಲೆ ಎತ್ತಲಿಲ್ಲ.

"ಅದ್ರಾಗ ಏನೈತಿ ಅಂತ ನನಗ ಹೇಳಬ್ಯಾಡ. ಏನ ನುಂಗಬೇಕು, ಏನ ಬಿಡಬೇಕು, ಅಷ್ಟ ಹೇಳು."

ಒಂದು ಗುಳಿಗೆ ಹೆಚ್ಚಾಗಿತ್ತು, ಉಪ್ಪು ಕಡಿಮೆ ಮಾಡಬೇಕಿತ್ತು. ಅಷ್ಟೇ ಹೇಳಿದೆ. ಅವಳು ಹ್ಞೂಂ ಎಂದು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಯಾಕೆ ಎಂದು ಕೇಳಲಿಲ್ಲ.