ಮುನಿಯಮ್ಮಜ್ಜಿ ಎರೆದ ಧಾರೆ

ಮುನಿಯಮ್ಮಜ್ಜಿಗೆ ಮೆಲ್ಲಗೆ ಮಾತಾಡುವುದೇ ಬರುತ್ತಿರಲಿಲ್ಲ. ಎದುರಿಗೆ ನಿಂತವರ ಜೊತೆಗೂ ಕೆರೆಯ ಆಚೆ ದಡದವರನ್ನು ಕರೆಯುವ ಹಾಗೆಯೇ ಮಾತು. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಅವರು ಸೊಪ್ಪಿನವಳೊಡನೆ ಚೌಕಾಸಿಗೆ ಇಳಿದರೆ, ಅವತ್ತಿನ ದಂಟಿನ ಸೊಪ್ಪು ಹೇಗಿದೆ ಎಂದು ಇಡೀ ರಸ್ತೆಗೆ ಗೊತ್ತಾಗುತ್ತಿತ್ತು. ಯಾಕೆ ಹೀಗೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ನಕ್ಕರು.

"ಇದೆಲ್ಲಾ ನಮ್ಮ ರಾಗಿ ಹೊಲ ಕಣಮ್ಮ. ಈ ತುದೀಲಿ ನಿಂತು ಕೂಗಿದ್ರೆ ಆ ತುದೀಲಿ ಉಳ್ತಿದ್ದೋನಿಗೆ ಕೇಳ್ಬೇಕಾಗಿತ್ತು. ಹೊಲ ಹೋಯ್ತು, ಗಂಟಲು ಉಳ್ಕೊಂತು."

ಆ ಹೊಲದ ಜಾಗದಲ್ಲೇ ಈಗ ಅವರ ಮೂರಂತಸ್ತಿನ ಮನೆ ನಿಂತಿತ್ತು. ಬಿಟಿಎಂ ಲೇಔಟಿನ ಒಂದು ಒಳರಸ್ತೆ. ಕೆಳಗಡೆ ಅಜ್ಜಿ, ಅವರ ಮಗ ನಾಗರಾಜಣ್ಣ, ಸೊಸೆ; ಮೇಲಿನದೆಲ್ಲ ಬಾಡಿಗೆಗೆ. ಬಾಗಲಕೋಟೆ ಕಡೆಯಿಂದ ಬಂದು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದ ನನಗೆ ತಾರಸಿಯ ಪಕ್ಕದ ಒಂಟಿ ಕೋಣೆ ಸಿಕ್ಕಿತ್ತು. ನನ್ನ ಮಾತು ಕೇಳುವುದೆಂದರೆ ಅಜ್ಜಿಗೆ ತಮಾಷೆ. ನಾನು "ಊರಿಗೆ ಫೋನ್ ಹಚ್ಚಬೇಕ್ರಿ" ಎಂದರೆ, "ದೀಪ ಹಚ್ತಾರೆ, ಒಲೆ ಹಚ್ತಾರೆ. ಫೋನ್ ಹಚ್ಚಿದ್ರೆ ಸುಟ್ಟೋಗಲ್ವೇನಮ್ಮಾ?" ಎಂದು ಕೆಣಕುತ್ತಿದ್ದರು.

ಅಷ್ಟು ಗಟ್ಟಿ ಹೆಂಗಸಿನಲ್ಲಿ ಒಂದು ವಿಚಿತ್ರ ಹಿಂಜರಿಕೆ ಇತ್ತು. ಶುಕ್ರವಾರ ಬಂತೆಂದರೆ ಮಲ್ಲಿಗೆ ಕೊಂಡು, ಬಾಡಿಗೆ ಮನೆಗಳ ಹೆಂಗಸರಿಗೆಲ್ಲ ಒಂದೊಂದು ತುಂಡು ಮಾಡುತ್ತಿದ್ದರು. ಆದರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟು, "ಹೂವ ಐತೆ, ತಗಂಡೋಗ್ರೀ" ಎಂದು ಕೂಗಿ ಒಳಗೆ ಹೋಗಿಬಿಡುತ್ತಿದ್ದರು. ಗಂಡ ತೀರಿದ ಮೇಲೆ ಮುತ್ತೈದೆಯರ ಕೈಗೆ ಹೂವು ಕೊಡಬಾರದೆಂದು ಅವರಿಗೆ ಯಾರೋ ಹೇಳಿದ್ದರಂತೆ. ಅದನ್ನು ಅವರು ನಂಬಿದ್ದರೋ ಇಲ್ಲವೋ, ತಪ್ಪದೆ ಪಾಲಿಸುತ್ತಿದ್ದರು.

ನಾನು ಮದುವೆಯಾದದ್ದು ಆ ಮನೆಯಲ್ಲಿದ್ದಾಗಲೇ. ರಮೇಶ ನನ್ನ ಕಾಲೇಜಿನವನು, ಬೆಂಗಳೂರಿನಲ್ಲಿ ಒಂದು ಗೋದಾಮಿನ ಸೂಪರ್‌ವೈಸರ್. ನಮ್ಮೂರಿನವರು ಹೊಸ್ತಿಲ ಒಳಗೆ ಕರೆಯದ ಜಾತಿಯವನು. ಅಪ್ಪ ಒಪ್ಪಲಿಲ್ಲ. ಅವ್ವ ಮಾತ್ರ ಗುಟ್ಟಾಗಿ, "ರಾತ್ರಿ ಬಸ್ಸಿಗೆ ಬರ್ತೀನಿ. ತಾಳಿ ಮಾಡ್ಸಿಟ್ಟೀನಿ, ತರ್ತೀನಿ" ಎಂದಿದ್ದಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಆಮೇಲೆ ಯಾವುದಾದರೂ ಗುಡಿಯಲ್ಲಿ ಅವ್ವನ ಎದುರು ತಾಳಿ ಎಂದು ನಾವು ಅಂದುಕೊಂಡಿದ್ದೆವು. ಅವ್ವ ಬರುತ್ತಾಳೆಂದು ಅಜ್ಜಿಗೂ ಹೇಳಿದ್ದೆ.

ಬೆಳಗಿನ ಜಾವದಿಂದ ಮೆಜೆಸ್ಟಿಕ್‌ನಲ್ಲಿ ಕಾದೆ. ಊರಿನ ಬಸ್ಸುಗಳೆಲ್ಲ ಬಂದು ಖಾಲಿಯಾದವು. ಅವ್ವ ಇಳಿಯಲಿಲ್ಲ. ಅವಳ ನಂಬರಿನಿಂದ ಫೋನ್ ಬಂತು, ಮಾತಾಡಿದ್ದು ಅಪ್ಪ.

"ನಿಮ್ಮವ್ವ ಬರಂಗಿಲ್ಲ. ನಮಗ ಮಗಳು ಇಲ್ಲಂತ ತಿಳ್ಕೊಂಡೀವಿ."

"ಅಪ್ಪಾ, ಅವ್ವನ ಕೈಯಾಗ ಒಂದೀಟು ಕೊಡ್ರಿ..."

ಫೋನ್ ಕಟ್ಟಾಯಿತು.

ಲ್ಯಾಬಿನ ಗೆಳತಿಯರು ಸಾಕ್ಷಿ ಸಹಿ ಹಾಕಿ, ನನ್ನನ್ನು ತಬ್ಬಿ, ಡ್ಯೂಟಿಗೆ ಓಡಿದರು. ರಮೇಶನ ಅಣ್ಣ ಹೆದರಿಕೊಂಡು ಬರಲೇ ಇಲ್ಲ. ಮಧ್ಯಾಹ್ನ, ಜೆ.ಪಿ. ನಗರದಲ್ಲಿ ನಾವು ಗೊತ್ತುಮಾಡಿಕೊಂಡಿದ್ದ ಮನೆಯ ಮಾಲೀಕರ ಫೋನು: "ಮನೆಯೋರಿಗೆ ಇಷ್ಟ ಇಲ್ದಿರೋ ಮದ್ವೆಯಂತಲ್ಲಾ. ನಾಳೆ ಗಲಾಟೆ ಗಿಲಾಟೆ ಆದ್ರೆ ನಮಗೆ ಕಷ್ಟ. ಬೇರೆ ನೋಡ್ಕೊಳಿ." ಕೊರಳಲ್ಲಿ ಹಾರ ಹಾಕಿಕೊಂಡೇ ನಾವಿಬ್ಬರೂ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಎಲ್ಲಿಗೆ ಹೋಗಬೇಕೆಂದು ಇಬ್ಬರಿಗೂ ತೋಚಲಿಲ್ಲ. ರಮೇಶ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ಎಸಳುಗಳನ್ನೇ ನೋಡುತ್ತಿದ್ದ.

ಸಂಜೆ ಗೇಟು ತೆಗೆದಾಗ ಅಜ್ಜಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಂಟಿ ಹುಡುಗಿಗೆಂದು ಕೊಟ್ಟ ಕೋಣೆಗೆ ಗಂಡನನ್ನು ಕರೆತಂದಿದ್ದೆ. ಏನೆನ್ನುತ್ತಾರೋ ಎಂದು ಗೇಟಿನ ಹತ್ತಿರವೇ ನಿಂತೆ. ಅಜ್ಜಿ ಹಾರ ನೋಡಿದರು, ತಾಳಿಯಿಲ್ಲದ ನನ್ನ ಕೊರಳು ನೋಡಿದರು.

"ನಿಮ್ಮವ್ವ ಬರ್ಲಿಲ್ವಾ?"

ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಒಡೆಯಿತು. ಅಜ್ಜಿ ಮೊರ ಪಕ್ಕಕ್ಕಿಟ್ಟರು. ನಮ್ಮಿಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿ ಬಿಸಿ ಮುದ್ದೆ ಹಾಕಿದರು. ಆಮೇಲೆ ಬಾಗಿಲಲ್ಲಿ ನಿಂತು ಮಗನನ್ನು ಕೂಗಿದರು: "ನಾಗರಾಜಾ, ಈ ಹುಡ್ಗ ಇವತ್ತು ನಿನ್ ಜೊತೆ ಹಾಲ್‌ನಲ್ಲಿ ಮಲಗ್ತಾನೆ. ನಾಳೆ ಮಾರಮ್ಮನ ಗುಡೀಲಿ ಇವರಿಗೆ ಮದ್ವೆ."

ಆ ಗಂಟಲು ಊರಿಗೆಲ್ಲ ಕೇಳಿಸಿರಬೇಕು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹೂವಿನ ಮಂಗಳಕ್ಕ ಮೊಗ್ಗಿನ ಜಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎದುರು ಮನೆಯ ಆಂಟಿ ತಮ್ಮ ಮದುವೆಯ ರೇಷ್ಮೆ ಸೀರೆ ತಂದು, "ನಂಗಂತೂ ಈಗ ಬ್ಲೌಸ್ ಆಗಲ್ಲ, ನೀನಾದ್ರೂ ಉಟ್ಕೋ" ಎಂದರು. ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಸೆಲ್ವಣ್ಣ ರಮೇಶನ ಪಂಚೆ, ಶರ್ಟನ್ನು ಗರಿಗರಿಯಾಗಿ ಮಾಡಿ ಕೊಟ್ಟ. ಹಿಂದಿನ ದಿನ ನಮ್ಮವರು ಎಂದು ಹೇಳಿಕೊಳ್ಳಲು ಯಾರೂ ಇಲ್ಲದ ಮದುವೆಗೆ, ಈವತ್ತು ಪಾಯಸಕ್ಕೆ ಸಕ್ಕರೆ ಸಾಕೇ ಎಂದು ಜಗಳವಾಡುವ ಜನ ಸೇರಿದ್ದರು.

ತಾಳಿ ಇರಲಿಲ್ಲ. ಅಜ್ಜಿ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಪೂಜಾರಿಯ ಮುಂದೆ ಇಟ್ಟರು. ಧಾರೆಗೆ ಹುಡುಗಿಯ ಕಡೆಯವರು ಬನ್ನಿ ಎಂದು ಅವನು ಕರೆದಾಗ, ಅಜ್ಜಿ ನಾಗರಾಜಣ್ಣನನ್ನೂ ಸೊಸೆಯನ್ನೂ ಮುಂದಕ್ಕೆ ತಳ್ಳಿ ತಾವು ಗುಡಿಯ ಕಂಬದ ಹಿಂದೆ ಸರಿದರು.

ನಾನು ತಿರುಗಿ ನೋಡಿದೆ. "ಅಜ್ಜಿ, ನೀವ ಎರೀರಿ."

ಜೀವಮಾನದಲ್ಲಿ ಮೊದಲ ಸಲ ಅವರ ದನಿ ಪಿಸುಮಾತಾಯಿತು. "ನಾನು ಮುತ್ತೈದೆ ಅಲ್ಲ ಕಣಮ್ಮ. ಬ್ಯಾಡ. ನಿನ್ ಬಾಳು ಚೆನ್ನಾಗಿರ್ಬೇಕು."

"ನಿನ್ನೆ ನನಗ ಉಣ್ಣಾಕ ಹಾಕಿದವರು ನೀವ. ನೀವು ಎರೀಲಿಲ್ಲಂದ್ರ ನನಗ ಈ ಮದುವಿ ಬ್ಯಾಡ್ರಿ."

ಮುದುಕ ಪೂಜಾರಿ ದೇವಿಯ ಕಡೆಗೊಮ್ಮೆ ನೋಡಿ, "ಮಾರಮ್ಮಂಗೆ ಯಾವ ಗಂಡ ಇದ್ದಾನೆ ಮುನಿಯಮ್ಮಾ? ಬಾ" ಎಂದು ಹಾಲಿನ ತಂಬಿಗೆ ಚಾಚಿದ. ಅಜ್ಜಿ ಬಂದರು. ನಮ್ಮಿಬ್ಬರ ಕೈಮೇಲೆ ಹಾಲೆರೆದರು. ಎಷ್ಟು ನಿಧಾನವಾಗಿ ಎರೆದರೆಂದರೆ, ಆ ತಣ್ಣನೆಯ ಹಾಲು ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿದದ್ದು ನನಗೆ ಈಗಲೂ ನೆನಪಿದೆ.

ಊಟದ ಹೊತ್ತಿಗೆ ಗಂಟಲು ಮರಳಿ ಬಂದಿತ್ತು. "ಫೋಟೋ ತೆಗ್ದಿದ್ದೀರಲ್ಲಾ, ಅದನ್ನ ಇವರವ್ವಂಗೆ ಕಳ್ಸಿ. ಮಗಳು ಬೀದೀಲಿಲ್ಲ ಅಂತ ತಿಳೀಲಿ, ಪಾಪ." ಕಳಿಸಿದೆ. ಅವ್ವ ನೋಡಿದ್ದು ಗೊತ್ತಾಯಿತು. ಉತ್ತರ ಬರಲಿಲ್ಲ.

ಕೆಲವು ವರ್ಷ ನಾವು ಆ ಮನೆಯ ಮೇಲಂತಸ್ತಿನಲ್ಲೇ ಇದ್ದೆವು. ಆಮೇಲೆ ಉತ್ತರಹಳ್ಳಿಗೆ ಬಂದೆವು. ಕಳೆದ ಚಳಿಗಾಲದಲ್ಲಿ ನೋಡಲು ಹೋದಾಗ ಅಜ್ಜಿ ಹಾಸಿಗೆ ಹಿಡಿದಿದ್ದರು. ಮೈ ಇಳಿದುಹೋಗಿತ್ತು. "ನಿಮ್ಮಪ್ಪ ಮಾತಾಡ್ತಾನಾ?" ಎಂದರು.

"ಇಲ್ರಿ ಅಜ್ಜಿ."

"ನಿಮ್ಮವ್ವ?"

"ಹಬ್ಬಕ್ಕೊಮ್ಮೆ ಕದ್ದು ಮಾತಾಡ್ತಾಳ್ರಿ."

"ಆಯಮ್ಮನ ಮೇಲೆ ಕೋಪ ಮಾಡ್ಕೋಬೇಡ. ಅವತ್ತು ಹೊಸ್ತಿಲು ದಾಟೋಕ್ಕಾಗ್ದೆ ಒಳಗೇ ಎಷ್ಟು ಅತ್ತಿದ್ದಾಳೋ, ಯಾರು ಕಂಡೋರು?"

ಸಂಕ್ರಾಂತಿ ಕಳೆದ ಮೇಲೆ ಅಜ್ಜಿ ಹೋದರು. ತಿಥಿಯ ದಿನ, ಮನೆಯ ವಿಳಾಸ ಬರೆದು ಅವ್ವನಿಗೆ ಒಂದು ಮೆಸೇಜು ಕಳಿಸಿದೆ. ತಿಥಿಯ ದಿನ ಬೆಳಿಗ್ಗೆ ನಾಗರಾಜಣ್ಣನ ಗೇಟಿನ ಮುಂದೆ ಆಟೋ ನಿಂತಿತು. ಅವ್ವ ಒಬ್ಬಳೇ ಇಳಿದಳು, ಕೈಯಲ್ಲೊಂದು ಚೀಲ. ಅಪ್ಪನಿಗೆ ಹೇಳಿಯೇ ಬಂದಿದ್ದಳಂತೆ. ನನ್ನನ್ನು ಕಂಡು ತಲೆ ಸವರಿದಳು. ನೇರ ಒಳಗೆ ಹೋಗಿ, ಎದುರಿಗೆ ಎಂದೂ ಕಂಡಿರದ ಆ ಹೆಂಗಸಿನ ಫೋಟೋದ ಮುಂದೆ ಮಂಡಿಯೂರಿ, ಚೀಲದಿಂದ ಇಳಕಲ್ ಸೀರೆಯೊಂದನ್ನು ತೆಗೆದು ಎಡೆಯ ಪಕ್ಕ ಇಟ್ಟಳು.

"ನೀ ಇದ್ದಾಗ ಬರಬೇಕಿತ್ತವ್ವ," ಎಂದಳು ಫೋಟೋಕ್ಕೆ. "ನನ್ನ ಮಗಳನ್ನ ನೀ ಧಾರೆ ಎರದಿ. ನಿನ್ನ ಮುಖ ನಾ ಹಿಂಗ ನೋಡೂದಾತು."