ತಲೆ ಇಲ್ಲದ ಬಂಗುಡೆ

ನಮ್ಮ ಮನೆಯಲ್ಲಿ ಆನ್‌ಲೈನ್ ಖರೀದಿಯ ಪರವಾಗಿ ಇದ್ದವರು ನನ್ನ ಗಂಡ. ವಿರೋಧ ಪಕ್ಷದಲ್ಲಿ ನಾನು. ಮಕ್ಕಳಿಲ್ಲದ, ಇಬ್ಬರೇ ಇದ್ದ ಮನೆ; ಜಗಳಕ್ಕೆ ಬೇರೆ ವಿಷಯ ಹೆಚ್ಚಿರಲಿಲ್ಲ. ನಂದಿಕೂರಿನ ಕಡೆಯ ಒಂದು ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಅವರದ್ದು. ದಿನವಿಡೀ ಸಾಮಾನುಗಳ ನಡುವೆ ಕೂತು ಬಂದ ಮನುಷ್ಯ ಮನೆಗೆ ಬಂದ ಕೂಡಲೇ ಫೋನು ತೆರೆದು ಮತ್ತೆ ಸಾಮಾನನ್ನೇ ನೋಡುತ್ತಿದ್ದರು.

ಕೊಡೆ, ಟಾರ್ಚು, ಚಪ್ಪಲಿ, ಕಾಯಿ ತುರಿಯುವ ಯಂತ್ರ, ಎಲ್ಲವೂ ಪೆಟ್ಟಿಗೆಯಲ್ಲಿ ಬಂದವು. ಕಾಯಿ ತುರಿಯುವ ಯಂತ್ರ ತುರಿದದ್ದಕ್ಕಿಂತ ಚೆಲ್ಲಿದ್ದು ಹೆಚ್ಚು. ಚಪ್ಪಲಿ ಒಂದು ಸಲ ಸಣ್ಣದಾಯಿತು, ಇನ್ನೊಂದು ಸಲ ದೊಡ್ಡದಾಯಿತು.

“ಕಾಪು ಪೇಟೆಯಲ್ಲಿ ಸಿಗದ ಚಪ್ಪಲಿಯಾ ಇದು?” ಎಂದು ನಾನು ಕೇಳಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು: “ಪೇಟೆಯವನು ನಾಲ್ಕು ಜೊತೆ ತೆಗೆಸಿ ಬೇಡ ಅಂದರೆ ಮುಖ ಊದಿಸ್ತಾನೆ ಮಾರಾಯ್ತಿ. ಇದು ನೋಡು, ವಾಪಸು ಕೊಟ್ಟರೂ ಥ್ಯಾಂಕ್ಸ್ ಹೇಳ್ತದೆ.”

ಒಂದೇ ಒಂದು ವಿಷಯದಲ್ಲಿ ಅವರು ನನ್ನ ಪಕ್ಷಕ್ಕೆ ಬಂದಿದ್ದರು. ಒಂದು ಮಳೆಗಾಲ, ದೋಣಿಗಳು ಕಡಲಿಗೆ ಇಳಿಯದ ದಿನಗಳಲ್ಲಿ, ಬಾಯಿ ಕೆಟ್ಟು ಹೋಗಿದೆ ಎಂದು ಬಂಗುಡೆಯನ್ನೂ ಫೋನಿನಲ್ಲೇ ತರಿಸಿದರು. ಮಂಜುಗಡ್ಡೆಯ ಚೀಲದೊಳಗೆ, ತೊಳೆದು, ಕತ್ತರಿಸಿ, ‘ಇಬ್ಬರಿಗೆ’ ಎಂದು ಚೀಟಿ ಅಂಟಿಸಿದ ಪ್ಯಾಕೆಟು. ತೆರೆದು ನೋಡಿದರೆ ಒಂದಕ್ಕೂ ತಲೆ ಇಲ್ಲ. ಅವರ ಮುಖ ಇಳಿದುಹೋಯಿತು. “ತಲೆ ಇಲ್ಲದ್ದು ಎಂತ ಮೀನು?” ಎಂದವರು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ತಲೆ ಅವರಿಗೆ ಪ್ರಾಣ. ನನಗೆ ಮೊದಲಿನಿಂದಲೂ ಆಗದು, ಆ ಕಣ್ಣನ್ನು ನೋಡಿಕೊಂಡು ಊಟ ಮಾಡುವುದು ನನ್ನಿಂದ ಸಾಧ್ಯವಿಲ್ಲ. ಹಾಗಾಗಿ ನನ್ನ ಪಾಲಿನ ಬಂಗುಡೆಯ ತಲೆಯನ್ನು ಊಟದ ಬಟ್ಟಲಿನ ಅಂಚಿಗೆ ಸರಿಸಿ ಇಡುತ್ತಿದ್ದೆ. ಅವರು ಮಾತಾಡುತ್ತಲೇ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಕೇಳಿ ತೆಗೆದುಕೊಂಡಿರಬಹುದು, ನೆನಪಿಲ್ಲ.

ಮೀನು ಮಾತ್ರ ನಮಗೆ ತಲೆಯ ಮೇಲೆಯೇ ಬರುತ್ತಿತ್ತು. ಬುಟ್ಟಿ ಹೊತ್ತು ನಮ್ಮ ಓಣಿಗೆ ಬರುವ ಹೆಂಗಸು ಬೆಳಿಗ್ಗೆ ನಾನು ಆಫೀಸಿಗೆಂದು ಮಣಿಪಾಲದ ಬಸ್ಸಿಗೆ ಹೊರಡುವ ಮೊದಲೇ ಗೇಟಿನ ಹತ್ತಿರ ಕೂಗುತ್ತಿದ್ದಳು. ನನಗಿಂತ ಹಿರಿಯಳಾದರೂ ನನ್ನನ್ನು ಅಕ್ಕ ಎನ್ನುತ್ತಾಳೆ. ಮನೆಬಾಗಿಲಿಗೆ ಸಾಮಾನು ತಲುಪಿಸುವುದು ಹೊಸ ಕಾಲದ ದೊಡ್ಡ ಸಾಧನೆ ಎಂದು ಗಂಡ ಹೇಳಿದಾಗಲೆಲ್ಲ ನಾನು ಅವಳನ್ನು ತೋರಿಸುತ್ತಿದ್ದೆ. ಬುಟ್ಟಿ ಇಳಿಸುವಾಗ ಅವಳು ಕೇಳುವುದು ಒಂದೇ ಪ್ರಶ್ನೆ, “ಇವತ್ತು ಎಷ್ಟು ಜನ?” ಕಾರ್ಕಳದಿಂದ ನನ್ನ ಅತ್ತಿಗೆ, ಎಂದರೆ ಗಂಡನ ಅಕ್ಕ, ಬಂದಿದ್ದರೆ ಮೂರು ಎನ್ನುತ್ತಿದ್ದೆ. ಇಲ್ಲದಿದ್ದರೆ ಎರಡು. ಅದರ ಮೇಲೆ ಲೆಕ್ಕ ಹಾಕಿ ಅವಳೇ ತೆಗೆದಿಡುತ್ತಿದ್ದಳು. ಕಡಿಮೆ ಸಾಕು ಎಂದರೆ ಕೇಳುತ್ತಿರಲಿಲ್ಲ, ಜಾಸ್ತಿ ಬೇಕು ಎಂದರೆ ಯಾರು ಬರ್ತಾರೆ ಎಂದು ವಿಚಾರಣೆ ಮಾಡುತ್ತಿದ್ದಳು.

ನನ್ನ ಗಂಡ ತೀರಿಕೊಂಡದ್ದು ಕೆಲಸದಿಂದ ಬರುವ ದಾರಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂತಲ್ಲಿಯೇ. ಅದರ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಬಂದವರು ಹೇಳಿದರು, ನಾನು ಕೇಳಿದೆ. ಉತ್ತರಕ್ರಿಯೆ, ನಾವು ಬೊಜ್ಜ ಎನ್ನುವುದು, ಕಾರ್ಕಳದ ಕುಟುಂಬದ ಮನೆಯಲ್ಲಿ ಆಯಿತು. ಬಡಿಸಿದ್ದು, ಬಂದವರಿಗೆ ಕೈಮುಗಿದದ್ದು, ಯಾರದೋ ಮಗುವಿಗೆ ಬಾಳೆಹಣ್ಣು ಸುಲಿದು ಕೊಟ್ಟದ್ದು ನೆನಪುಂಟು. ಅತ್ತದ್ದು ನೆನಪಿಲ್ಲ, ಏಕೆಂದರೆ ಅಳಲಿಲ್ಲ. ಅತ್ತಿಗೆ ನನ್ನ ಬೆನ್ನು ತಟ್ಟಿ, “ಅತ್ತುಬಿಡು ಒಮ್ಮೆ, ಎದೆ ಹಗುರ ಆಗ್ತದೆ” ಎಂದರು. ನನ್ನ ಎದೆ ಭಾರವೂ ಇರಲಿಲ್ಲ, ಹಗುರವೂ ಇರಲಿಲ್ಲ. ಹಾಗೆಂದು ಹೇಳಿದರೆ ಅವರಿಗೆ ಬೇಸರವಾಗುತ್ತದೆ ಎಂದು ಸುಮ್ಮನಿದ್ದೆ.

ಕಾಪುವಿಗೆ ಮರಳಿದ ಮೇಲೆ ನಾನು ಪಕ್ಷಾಂತರ ಮಾಡಿದೆ. ಅಕ್ಕಿ, ಸಾಬೂನು, ರಕ್ತದೊತ್ತಡದ ಮಾತ್ರೆ, ತರಕಾರಿ, ಎಲ್ಲವನ್ನೂ ಅವರ ಫೋನಿನಿಂದಲೇ ತರಿಸಲು ಶುರುಮಾಡಿದೆ. ಪೇಟೆಗೆ ಹೋದರೆ ಮುಖಗಳಿರುತ್ತವೆ. ದಿನಸಿ ಅಂಗಡಿಯವರು ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಾರೆ. ಪರಿಚಯದ ಹೆಂಗಸರು ಕೈ ಹಿಡಿದುಕೊಂಡು, “ಹೇಗಾಯಿತು?” ಎಂದು ಮೊದಲಿನಿಂದ ಹೇಳಿಸುತ್ತಾರೆ. ಫೋನಿಗೆ ಅಂಥ ಕೆಟ್ಟ ಕುತೂಹಲ ಇಲ್ಲ. ಒತ್ತಿದರೆ ಸಾಮಾನು ಬರುತ್ತದೆ. ಗಂಡ ಇಷ್ಟು ವರ್ಷ ಹೇಳುತ್ತಿದ್ದದ್ದರಲ್ಲಿ ಅರ್ಥವಿತ್ತು, ನಾನು ಒಪ್ಪಿಕೊಂಡದ್ದನ್ನು ಕೇಳಲು ಅವರು ಇರಲಿಲ್ಲ ಅಷ್ಟೆ. ಆ ತಿಂಗಳುಗಳಲ್ಲಿ ನಾನು ಉಪವಾಸ ಬೀಳದೆ ಉಳಿದಿದ್ದರೆ ಅದು ಆ ಪೆಟ್ಟಿಗೆಗಳಿಂದ. ಈಗ ಯಾರಾದರೂ ಅದನ್ನು ಬಯ್ದರೆ ನನಗೆ ಸಿಟ್ಟು ಬರುತ್ತದೆ.

ಸಂಜೆ ಹೊತ್ತು ಪೆಟ್ಟಿಗೆ ತರುತ್ತಿದ್ದವನು ಕೊಪ್ಪಳದ ಕಡೆಯ ಮನುಷ್ಯ, ನಡುವಯಸ್ಸಿನವನು. ಮೊದಲು ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದು, ಬೆನ್ನುನೋವಾಗಿ ಈ ಕೆಲಸ ಹಿಡಿದನಂತೆ. ಪೆಟ್ಟಿಗೆಯ ಮೇಲೆ ಇರುತ್ತಿದ್ದದ್ದು ಗಂಡನ ಹೆಸರು.

“ಸಾಹೇಬ್ರು ಅದಾರೇನ್ರಿ ಅಕ್ಕಾರ?” ಎಂದು ಅವನು ಮೊದಲ ದಿನ ಕೇಳಿದ.

“ಹೊರಗೆ ಹೋಗಿದ್ದಾರೆ” ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂದದ್ದು ಅದು. ಆಮೇಲೆ ಅವನು ಕೇಳಿದಾಗಲೆಲ್ಲ ಅದನ್ನೇ ಹೇಳಿದೆ. ಅವನಿಗೆ ಅನುಮಾನ ಬರಲಿಲ್ಲ, ನಂದಿಕೂರಿನಲ್ಲಿ ಪಾಳಿಯ ಕೆಲಸ ಮಾಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮನೆಯಲ್ಲಿ ಗಂಡ ಇಲ್ಲ ಎಂದು ನಾನು ಬಾಯಿಬಿಟ್ಟು ಯಾರಿಗೂ ಹೇಳಿದ್ದೇ ಇಲ್ಲ ಎಂಬುದು ಆಗ ಗಮನಕ್ಕೆ ಬಂತು. ಎಲ್ಲರಿಗೂ ಬೇರೆ ಯಾರೋ ಹೇಳಿಯಾಗಿತ್ತು. ಗೊತ್ತಿಲ್ಲದ ಈ ಒಬ್ಬನ ಹತ್ತಿರ ಹೇಳಲು ನನಗೆ ಆಗಲಿಲ್ಲ.

ಇನ್ನು ಮೀನಿನ ಹೆಂಗಸು. ಅವಳು ಬರುತ್ತಿದ್ದಳು, ಆದರೆ ನಮ್ಮ ಮನೆಗೆ ಅಲ್ಲ. ಓಣಿಯ ತುದಿಯಿಂದ ಕೂಗುತ್ತ ಬಂದವಳು ನಮ್ಮ ಗೇಟಿನ ಎದುರು ಬಾಯಿ ಮುಚ್ಚಿಕೊಂಡು ನಡೆದು, ದಾಟಿದ ಮೇಲೆ ಮತ್ತೆ ಕೂಗಿ ಪಕ್ಕದ ಮನೆಯಲ್ಲಿ ಬುಟ್ಟಿ ಇಳಿಸುತ್ತಿದ್ದಳು. ನಾನು ಒಳಗೆ ಸೀರೆಗೆ ಪಿನ್ನು ಹಾಕುತ್ತ ಆ ಮೌನವನ್ನು ಕೇಳುತ್ತಿದ್ದೆ. ಮೊದಮೊದಲು ಸೂತಕ ಎಂದುಕೊಂಡೆ. ಬೊಜ್ಜ ಕಳೆಯುವವರೆಗೆ ಸತ್ತವರ ಮನೆಯಲ್ಲಿ ಮೀನಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಬೊಜ್ಜ ಕಳೆದು ತಿಂಗಳುಗಳಾದರೂ ಅವಳು ಹಾಗೆಯೇ ದಾಟಿದಳು.

ಆಗ ನನಗೆ ಹೊಳೆದ ಕಾರಣ ಬೇರೆ. ನಮ್ಮ ಓಣಿಯಲ್ಲಿ ಅವಳ ಮೊದಲ ವ್ಯಾಪಾರ, ಬೋಣಿ, ಹೆಚ್ಚಾಗಿ ನಮ್ಮ ಮನೆಯಲ್ಲಿ ಆಗುತ್ತಿತ್ತು. ಗಂಡ ಸತ್ತವಳ ಕೈಯಿಂದ ಬೋಣಿ ಬೇಡ ಎಂದಿರಬೇಕು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸರಿ ಹಾಗಾದರೆ ಎಂದುಕೊಂಡೆ. ಆದರೆ ದಿನಾ ಬೆಳಿಗ್ಗೆ ಆ ಹೊತ್ತಿಗೆ ಕಿವಿ ಗೇಟಿನ ಕಡೆಗೇ ಇರುತ್ತಿತ್ತು. ಒಂದು ಸಲ, ಒಂದೇ ಸಲ, ಅವಳು ನಮ್ಮ ಗೇಟಿನಲ್ಲಿ ಕೂಗಿದರೆ ಇಲ್ಲಿ ಇನ್ನೂ ಒಬ್ಬರು ವಾಸವಿದ್ದಾರೆ ಎಂದು ನನಗೇ ನಂಬಿಕೆ ಬರುತ್ತದೆ ಎಂದು ಅನಿಸುತ್ತಿತ್ತು. ಬೇರೆ ಯಾವ ಆಸೆಯೂ ಆ ದಿನಗಳಲ್ಲಿ ನನಗಿರಲಿಲ್ಲ.

ಕೊನೆಗೆ ಫೋನಿನಲ್ಲಿ ಹಳೆಯ ಆರ್ಡರುಗಳನ್ನು ನೋಡುವಾಗ ಆ ಮಳೆಗಾಲದ ಬಂಗುಡೆ ಸಿಕ್ಕಿತು. ಅದರ ಕೆಳಗೆ ‘ಮತ್ತೆ ತರಿಸಿ’ ಎಂದಿತ್ತು. ಒತ್ತಿದೆ. ‘ಇಬ್ಬರಿಗೆ’ ಎಂಬ ಪ್ಯಾಕೆಟು ಬಂತು. ಅರ್ಧ ನಾನು ತಿಂದೆ, ಅರ್ಧ ಓಣಿಯ ಬೆಕ್ಕು ತಿಂದಿತು. ಮುಂದಿನ ವಾರ ಮತ್ತೆ ಒತ್ತಿದೆ. ಎಷ್ಟು ಜನ ಎಂದು ಫೋನು ಕೇಳುವುದಿಲ್ಲ, ಹಿಂದಿನ ಸಲ ಎಷ್ಟಿತ್ತೋ ಅಷ್ಟೇ ಕಳಿಸುತ್ತದೆ. ತಲೆಯೂ ಇರುವುದಿಲ್ಲ. ತೆಗೆದು ಮಸಾಲೆ ಹಚ್ಚಿ ಕಾವಲಿಗೆ ಹಾಕಿದರೆ ಮುಗಿಯಿತು. ಯಾವ ತೊಂದರೆಯೂ ಇಲ್ಲದ ಮೀನು. ರುಚಿ ಇತ್ತೇ ಎಂದು ಕೇಳಿದರೆ ಹೇಳಲಾರೆ, ನನಗೆ ಆಗ ಯಾವುದರಲ್ಲೂ ರುಚಿ ಗೊತ್ತಾಗುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ನಾನು ತುಂಬ ಗಟ್ಟಿ ಎಂದು ಹೊಗಳುತ್ತಿದ್ದರು. ಹೊಗಳಿದವರಿಗೆ ಒಂದೊಂದು ಬಾರಿಸಬೇಕು ಎಂದು ಮಾತ್ರ ಒಮ್ಮೊಮ್ಮೆ ಅನಿಸುತ್ತಿತ್ತು.

ಒಂದು ಭಾನುವಾರ ನೀರಿನ ಪೈಪಿಗೆಂದು ನಮ್ಮ ಓಣಿಯ ಬಾಯಿಯನ್ನು ಅಗೆದು ಹಾಕಿದ್ದರು. ಆ ದಿನ ಮೀನಿನ ಪ್ಯಾಕೆಟು ಎಂದಿನಂತೆ ಸಂಜೆಗೆ ಬರದೆ ಬೆಳಿಗ್ಗೆಯೇ ಹೊರಟಿತ್ತು. ಕೊಪ್ಪಳದವನು ಬೇರೆ ದಾರಿ ಹುಡುಕಿ, ಹಿಂದಿನ ಗದ್ದೆಯ ಬದಿಯಿಂದ ಸುತ್ತಿ ದಾರಿ ತಪ್ಪಿದ. ನಮ್ಮಲ್ಲಿ ವಿಳಾಸ ಎಂದರೆ ಗಂಡನ ಹೆಸರು, ಒಂದು ಮರ, ಒಂದು ತಿರುವು. ಫೋನಿನ ನಕ್ಷೆಗೆ ಆ ಮರ ಕಾಣುವುದಿಲ್ಲ. ಅವನು ಎದುರಿಗೆ ಸಿಕ್ಕವಳ ಹತ್ತಿರ ಪೆಟ್ಟಿಗೆಯ ಮೇಲಿನ ಹೆಸರು ಓದಿ ದಾರಿ ಕೇಳಿದ. ಎದುರಿಗೆ ಸಿಕ್ಕವಳು ಮೀನಿನ ಹೆಂಗಸು.

ನಾನು ಗೇಟಿನ ಶಬ್ದ ಕೇಳಿ ಹೊರಗೆ ಬಂದಾಗ ಇಬ್ಬರೂ ನಿಂತಿದ್ದರು. ಅವಳ ತಲೆಯ ಮೇಲೆ ಬುಟ್ಟಿ. ಅವನ ಕೈಯಲ್ಲಿ ಮೀನಿನ ಚಿತ್ರವಿದ್ದ ಪ್ಯಾಕೆಟು. ಅವಳು ಆ ಚಿತ್ರವನ್ನೇ ನೋಡುತ್ತಿದ್ದಳು. ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ಅವನಿಗೂ ಅರ್ಥವಾಗಲಿ ಎಂದೋ ಏನೋ, ಅವಳು ಕನ್ನಡದಲ್ಲೇ ಶುರುಮಾಡಿದಳು.

“ಎಂತ ಅಕ್ಕ, ನೀವು ಮೀನು ತಿನ್ಲಿಕ್ಕೆ ಶುರು ಮಾಡಿ ಆಯ್ತಾ?”

“ಬೊಜ್ಜ ಆದ ಮೇಲೆ ತಿನ್ನುತ್ತಾ ಇದ್ದೇನಲ್ಲ.”

“ಬೊಜ್ಜ ಯಾವಾಗ ಆಯ್ತು? ಇಲ್ಲಿ ಒಂದು ಚಪ್ಪರ ಇಲ್ಲ, ಒಲೆ ಇಲ್ಲ, ಎಂತದೂ ಕಾಣ್ಲಿಲ್ಲ.”

“ಕಾರ್ಕಳದಲ್ಲಿ ಮಾಡಿದ್ದು.”

ಅವಳಿಗೆ ಸಿಟ್ಟೇ ಬಂತು. “ಆಗಿದ್ರೆ ಕರೀಬಾರ್ದಾ ನೀವು? ಸಾವಾದ ಮನೆಯವರು ಕರೆಯದೆ ನಾವು ಗೇಟಿನಲ್ಲಿ ಕೂಗ್ಲಿಕ್ಕೆ ಉಂಟಾ? ಕೆಲವರು ಗಂಡ ಹೋದ್ರೆ ಒಂದು ವರ್ಷ ಮೀನು ಮುಟ್ಟುವುದಿಲ್ಲ. ನೀವೂ ಹಾಗೆ ಅಂತ ನಾನು ಬಾಯಿ ಕಟ್ಟಿಕೊಂಡು ಹೋಗುವುದು. ಮಸಾಲೆ ವಾಸನೆ ಬಂದ್ರೆ ಪಾಪ ಆಸೆ ಆಗ್ತದೆ ಅಂತ ಪಕ್ಕದ ಮನೆಯವರಿಗೂ ಕಿಟಕಿ ಹಾಕ್ಲಿಕ್ಕೆ ಹೇಳಿದ್ದೇನೆ ಮಾರಾಯ್ರೆ!”

ನಾನು ಅವಳು ಕೂಗಲಿ ಎಂದು ಕಾದಿದ್ದೆ. ಅವಳು ನಾನು ಕರೆಯಲಿ ಎಂದು ಕಾದಿದ್ದಳು. ಬೋಣಿಯ ವಿಷಯ ಅವಳ ತಲೆಯಲ್ಲಿ ಇರಲೇ ಇಲ್ಲ. ನಗು ಬರಬೇಕಿತ್ತು ನನಗೆ. ಕೊಪ್ಪಳದವನಿಗೆ ಮಾತ್ರ ಬೇರೇನೋ ಕೇಳಿಸಿತ್ತು. ಅವನು ಪ್ಯಾಕೆಟನ್ನು ಕೈಯಿಂದ ಕೈಗೆ ಬದಲಾಯಿಸುತ್ತ, “ಯಾರು ಹೋದ್ರು ರೀ?” ಎಂದು ಮೆಲ್ಲಗೆ ಅವಳನ್ನೇ ಕೇಳಿದ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿ ಇಳಿಸಿ, ಮೇಲಿನ ಸೊಪ್ಪು ಸರಿಸಿ, ಅಭ್ಯಾಸ ಬಲದಿಂದ ಕೇಳಿದಳು, “ಎಷ್ಟು ಜನ ಇವತ್ತು?”

ಕೇಳಿದ ಮೇಲೆ ಅವಳ ಕೈ ಅಲ್ಲೇ ನಿಂತಿತು.

“ಒಬ್ಬಳೇ” ಎಂದೆ. “ನಾನು ಒಬ್ಬಳೇ. ಅವರು ತೀರಿಕೊಂಡಿದ್ದಾರೆ.”

ಎರಡನೆಯ ಮಾತು ಕೊಪ್ಪಳದವನಿಗೆ ಹೇಳಿದ್ದು. ಅವನು ಪ್ಯಾಕೆಟನ್ನು ಮೆಟ್ಟಿಲ ಮೇಲೆ ಇಟ್ಟು, “ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ, ನನಗ ಗೊತ್ತಿರಲಿಲ್ರಿ” ಎಂದ. ಗೊತ್ತಾಗದ ಹಾಗೆ ಮಾಡಿದವಳು ನಾನೇ ಎಂದು ಹೇಳಬೇಕಿತ್ತು. ಅವನು ಸ್ಕೂಟರು ತಳ್ಳಿಕೊಂಡೇ ಓಣಿ ದಾಟಿದ.

ಮೀನಿನ ಹೆಂಗಸು ಒಂದು ಬಂಗುಡೆ ಆರಿಸಿ ತೆಗೆದಳು. ಬುಟ್ಟಿಯಲ್ಲಿದ್ದ ಕತ್ತಿ ಹಿಡಿದು, ತುಳುವಿಗೆ ಮರಳಿ, ತಲೆ ಇರಲಾ ತೆಗೆಯಲಾ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವಳಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ನಾನು ಇರಲಿ ಎಂದೆ. ಯಾಕೆ ಹಾಗೆಂದೆನೋ. ಅವಳು ಕೊಟ್ಟು, ಬುಟ್ಟಿ ಹೊತ್ತು, ನಮ್ಮ ಗೇಟಿನಲ್ಲಿ ನಿಂತೇ ಮುಂದಿನ ಮನೆಗೆ ಕೂಗಿದಳು. ಅಷ್ಟು ದಿನ ಕಾದ ಕೂಗು ಅದು. ಕೇಳಿ ನಾನು ಒಳಗೆ ಹೋಗಿ ಮಸಾಲೆ ಅರೆದೆ.

ಪ್ಯಾಕೆಟನ್ನು ಫ್ರಿಜ್ಜಿನಲ್ಲಿಟ್ಟು ಆ ಒಂದು ಬಂಗುಡೆಯನ್ನು ಹುರಿದೆ. ಮಧ್ಯಾಹ್ನ ಊಟಕ್ಕೆ ಕೂತೆ. ಏನೂ ಯೋಚನೆ ಇರಲಿಲ್ಲ. ಮೀನು ಬಿಡಿಸಿದೆ, ಎರಡು ತುತ್ತು ತಿಂದೆ, ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎಂದು ಗೊತ್ತಾಯಿತು. ಆಮೇಲೆ ಎಂದಿನಂತೆ ತಲೆಯನ್ನು ಬಟ್ಟಲಿನ ಅಂಚಿಗೆ ಸರಿಸಿಟ್ಟೆ.

ಅದು ಅಲ್ಲೇ ಇತ್ತು. ನಾನು ಇನ್ನೂ ಸ್ವಲ್ಪ ಅನ್ನ ಕಲಸಿದೆ. ಅದನ್ನು ತೆಗೆದುಕೊಳ್ಳಲು ಆ ಬದಿಯಿಂದ ಯಾರ ಕೈಯೂ ಬರಲಿಲ್ಲ. ಆಗ ನಾನು ಅತ್ತೆ.